ಗಣಕದ ಬರಹವನ್ನು ಒರೆಗೆ ಹಚ್ಚುವ ಬಗೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿ ಈಗ ಕಂಪ್ಯೂಟರಿನ ಪ್ರೋಗ್ರಾಮುಗಳನ್ನು ಬರೆಯುವ ಉದ್ಯೋಗದಲ್ಲಿರುವರು. ಅಂಥ ಮಗಳೊಬ್ಬಳು ಸಂಜೆ ಮನೆಗೆ ಬಂದು, “ಅಮ್ಮಾ, ಇವತ್ತೆಲ್ಲಾ ಟೆಸ್ಟ್ ಬರೆಯುವುದರಲ್ಲೇ ಆಯಿತು” ಎಂದರೆ ತಾಯಿಗೆ ಆಶ್ಚರ್ಯವಾಗುವುದು ಸಹಜವೇ. ಪರೀಕ್ಷೆ ಬರೆಯುವ ಕಾಲವು ಕಾಲೇಜಿನೊಂದಿಗೇ ತೀರಿತಲ್ಲವೆ, ಸಂಬಳ ತರುವವಳಿಗೆ ಮತ್ತೇಕೆ ಪರೀಕ್ಷೆ ಎಂದು ಆಕೆ ಕೇಳುವಳು. ಇಲ್ಲಿ ಪರೀಕ್ಷೆಗೆ ಕುಳಿತಿರುವುದು ಮಗಳಲ್ಲ, ಅವಳು ಬರೆದ ಪ್ರೋಗ್ರಾಮು. ಮಗಳು ಪ್ರಶ್ನೆಪತ್ರಿಕೆಯನ್ನು ರಚಿಸುವವಳು. ಆ ರಚನೆಯಲ್ಲಿರುವ ಒಂದು ವಿಶೇಷವಾದ ತೊಡಕನ್ನೂ, ಅದನ್ನು ಬಿಡಿಸುವ ಉಪಾಯವನ್ನೂ ಈ ಲೇಖನದಲ್ಲಿ ಆದಷ್ಟು ಸುಲಭವಾಗಿ ವಿವರಿಸಲು ಪ್ರಯತ್ನಿಸುವೆನು.

ಪ್ರೋಗ್ರಾಮು ಎಂಬುದು ಯಂತ್ರಕ್ಕೆ ಕೊಟ್ಟ ಆಜ್ಞೆಗಳ ಬರಹ. ದೊಡ್ಡ ಪ್ರೋಗ್ರಾಮನ್ನು ಒಂದೇ ಉಸಿರಿನಲ್ಲಿ ಬರೆಯುವುದಿಲ್ಲ. ಒಂದೊಂದು ಕೆಲಸಕ್ಕೆ ಒಂದೊಂದು ತುಂಡನ್ನಾಗಿ ವಿಂಗಡಿಸಿ ಬರೆಯುವರು. ರವಿಕೆಯನ್ನು ಹೊಲಿಯುವವಳು ತೋಳು, ಬೆನ್ನು, ಕೊರಳುಗಳನ್ನು ಬೇರೆ ಬೇರೆಯಾಗಿ ಅಳೆದು ನೋಡಿ ಅನಂತರ ಕೂಡಿಸುವಳಷ್ಟೆ. ಹಾಗೆಯೇ ಪ್ರೋಗ್ರಾಮಿನ ಒಂದೊಂದು ತುಂಡನ್ನೂ ಬಿಡಿಬಿಡಿಯಾಗಿ ಪರೀಕ್ಷಿಸುವುದಕ್ಕೆ ಯೂನಿಟ್ ಟೆಸ್ಟ್ ಎಂದು ಹೆಸರು. ನಾವು ಬಿಡಿ ಪರೀಕ್ಷೆ ಎನ್ನೋಣ. ಈ ಪರೀಕ್ಷೆಯೂ ಒಂದು ಪುಟ್ಟ ಪ್ರೋಗ್ರಾಮೇ. “ಇಂಥ ಪ್ರಶ್ನೆಗೆ ಇಂಥ ಉತ್ತರವೇ ಬರತಕ್ಕದ್ದು” ಎಂದು ಅದರಲ್ಲಿ ಬರೆದಿರುವುದು. ೧೯೯೭ರಲ್ಲಿ ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಎಂಬ ಇಬ್ಬರು ಜ್ಯೂರಿಕ್ ನಗರದಿಂದ ಅಮೆರಿಕದ ಅಟ್ಲಾಂಟಾಕ್ಕೆ ವಿಮಾನದಲ್ಲಿ ಹೋಗುತ್ತಾ, ಇಂಥ ಪರೀಕ್ಷೆಗಳನ್ನು ನಡೆಯಿಸುವ ಜೆಯೂನಿಟ್ ಎಂಬ ಸಾಧನದ ಮೊದಲ ರೂಪವನ್ನು ಬರೆದರು. ಅಂದಿನಿಂದ ಈ ಪದ್ಧತಿಯು ಬಹು ಬೇಗನೆ ಹರಡಿತು. ಪ್ರೋಗ್ರಾಮಿನ ಒಂದು ಸಾಲನ್ನು ತಿದ್ದಿದರೂ ನೂರಾರು ಬಿಡಿ ಪರೀಕ್ಷೆಗಳನ್ನು ಕೆಲವೇ ಕ್ಷಣಗಳಲ್ಲಿ ನಡೆಯಿಸಿ ನೋಡಬಹುದು.

ಹನ್ನೆರಡು ತಿಂಗಳ ಶುಲ್ಕವನ್ನು ಕೂಡಿಸುವ ತುಂಡನ್ನು ಪರೀಕ್ಷಿಸುವುದು ಕಷ್ಟವೇನಲ್ಲ. ಅಂಕಿಗಳನ್ನು ಕೊಟ್ಟರೆ ಮೊತ್ತವನ್ನು ಹೇಳುವುದು. ನಿನ್ನೆ ಬಂದ ಉತ್ತರವೇ ಇಂದೂ ನಾಳೆಯೂ ಬರುವುದು. ಆದರೆ ಎಲ್ಲಾ ತುಂಡುಗಳೂ ಇಷ್ಟು ಸ್ವತಂತ್ರವಾಗಿರುವುದಿಲ್ಲ. ಕೆಲವು ಯಂತ್ರದ ಗಡಿಯಾರವನ್ನು ನೋಡುವುವು. ಕೆಲವು ಡಿಸ್ಕಿನ ಮೇಲಣ ಫೈಲನ್ನು ಓದುವುವು. ಕೆಲವು ನೆಟ್‌ವರ್ಕಿನ ಮೂಲಕ ಬ್ಯಾಂಕನ್ನು ವಿಚಾರಿಸುವುವು. ಕೆಲವು ಯಂತ್ರದ ಜ್ಞಾಪಕಶಕ್ತಿಯಲ್ಲಿ, ಅಂದರೆ ಮೆಮೊರಿಯಲ್ಲಿ, ಸ್ಥಳವನ್ನು ಬೇಡುವುವು. ಇವೆಲ್ಲಾ ಪ್ರೋಗ್ರಾಮಿನ ಹೊರಗೆ ಇರತಕ್ಕವು, ಅದರ ಮಾತನ್ನು ಕೇಳತಕ್ಕವಲ್ಲ. ವೃತ್ತಿಯವರು ಸಿಸ್ಟಮ್ ರಿಸೋರ್ಸ್ ಎನ್ನುವ ಇವುಗಳನ್ನು ನಾವು ಹೊರಗಿನ ಆಸರೆಗಳು ಎಂದು ಕರೆಯೋಣ.

ಆಸರೆಯನ್ನು ನಂಬಿದ ತುಂಡನ್ನು ಪರೀಕ್ಷಿಸುವಾಗ ನಾಲ್ಕು ವಿಧವಾದ ತೊಂದರೆಗಳು ಒದಗುವುವು. ಮೊದಲನೆಯದಾಗಿ, ಉತ್ತರವು ಸ್ಥಿರವಾಗಿರುವುದಿಲ್ಲ. ಸೋಮವಾರ ತೇರ್ಗಡೆಯಾದ ಪ್ರೋಗ್ರಾಮು ಒಂದಕ್ಷರವನ್ನೂ ತಿದ್ದದೆಯೇ ಮಂಗಳವಾರ ನಪಾಸಾಗಬಹುದು. ಎರಡನೆಯದಾಗಿ, ಡಿಸ್ಕೂ ನೆಟ್‌ವರ್ಕೂ ನಿಧಾನವಾದುವು. ಪರೀಕ್ಷೆಯು ತಡವಾದರೆ ಜನರು ಅದನ್ನು ನಡೆಯಿಸುವುದನ್ನೇ ಬಿಟ್ಟುಬಿಡುವರು. ಮೂರನೆಯದಾಗಿ, ನಿಜವಾಗಿ ಪರೀಕ್ಷಿಸಬೇಕಾದ ವಿಪತ್ತುಗಳು ನಾವು ಕರೆದಾಗ ಬರುವುದಿಲ್ಲ; ಡಿಸ್ಕು ತುಂಬಿಹೋಗುವುದು, ಹಣ ಸಂದಾಯವಾಗುತ್ತಿರುವಾಗಲೇ ಸಂಪರ್ಕವು ಕಡಿದುಹೋಗುವುದು, ಇವೇ ಮೊದಲಾದುವನ್ನು ಬೇಕೆಂದಾಗ ಬರಮಾಡಿಕೊಳ್ಳುವುದು ಹೇಗೆ? ನಾಲ್ಕನೆಯದಾಗಿ, ಪರೀಕ್ಷೆಯಿಂದಲೇ ಹಾನಿಯಾಗಬಹುದು. “ಶುಲ್ಕ ಬಾಕಿ ಇದೆ” ಎಂಬ ಸಂದೇಶವನ್ನು ಕಳುಹಿಸುವ ತುಂಡನ್ನು ಪರೀಕ್ಷಿಸಲು ಹೋಗಿ, ಸಾವಿರ ತಾಯ್ತಂದೆಗಳಿಗೆ ನಿಜವಾಗಿಯೂ ಅದನ್ನು ಕಳುಹಿಸಿಬಿಟ್ಟರೆ ಗತಿಯೇನು?

ಇದೆಲ್ಲಾ ಕೇವಲ ಯಂತ್ರದವರ ಚಿಂತೆಯೆಂದು ವಾಚಕರು ಎಣಿಸಬಾರದು. ಮಲ್ಲತ್ತಹಳ್ಳಿಯಲ್ಲಿ ವಾಸವಾಗಿರುವ ಹೂ ಮಾರುವ ತಾಯಿಯೊಬ್ಬಳನ್ನು ಕಲ್ಪಿಸಿಕೊಳ್ಳಿರಿ. ಬೆಳಗಾಗುವ ಮೊದಲೇ ಆಕೆ ಕೃಷ್ಣರಾಜ ಮಾರುಕಟ್ಟೆಗೆ ಹೂವು ತರಲು ಹೊರಡುವಳು. ಜುಲೈ ೧ನೆಯ ತಾರೀಖು, ಬೆಳಗಿನ ಜಾವ ನಾಲ್ಕೂವರೆ ಗಂಟೆಗೆ, ಬಸ್ಸಿಗಾಗಿ ಕಾದಿರುವಾಗ, ಮಗಳ ಜುಲೈ ತಿಂಗಳ ಶುಲ್ಕವನ್ನು ಫೋನಿನಿಂದಲೇ ಕಟ್ಟುವಳು. ಹಣವು ಸಂದಾಯವಾಯಿತು. ಆದರೆ ಲೆಕ್ಕದ ಪ್ರೋಗ್ರಾಮು ಇರುವ ಸರ್ವರ್ ಯಂತ್ರದ ಗಡಿಯಾರವು ಭಾರತದ ಕಾಲವನ್ನಲ್ಲ, ಲೋಕಕ್ಕೆಲ್ಲಾ ಸಾಮಾನ್ಯವಾದ ಯುಟಿಸಿ ಕಾಲವನ್ನು ಅನುಸರಿಸುತ್ತಿದೆ. ನಮ್ಮ ಕಾಲವು ಅದಕ್ಕಿಂತ ಐದೂವರೆ ಗಂಟೆ ಮುಂದೆ ಇರುವುದು. ಆದಕಾರಣ ಆ ಯಂತ್ರದಲ್ಲಿ ಆಗಿನ್ನೂ ಜೂನ್ ೩೦, ರಾತ್ರಿ ಹನ್ನೊಂದು ಗಂಟೆ. ಪ್ರೋಗ್ರಾಮು ಆ ಹಣವನ್ನು ಜೂನ್ ತಿಂಗಳಿಗೆ ಜಮಾ ಮಾಡುವುದು. ಜುಲೈ ತಿಂಗಳು ಖಾಲಿಯಾಗಿಯೇ ಉಳಿಯುವುದು. ಹತ್ತನೆಯ ತಾರೀಖು ಕಳೆದ ಮೇಲೆ ದಂಡದ ಚೀಟಿಯು ಮಗಳ ಕೈಗೆ ಬರುವುದು. ಎಲ್ಲರಿಗಿಂತಲೂ ಮೊದಲು ಶುಲ್ಕವನ್ನು ತೆತ್ತವಳೇ ಬಾಕಿದಾರಳಾದಳು!

ಈ ತಪ್ಪನ್ನು ಪರೀಕ್ಷಕರು ಏಕೆ ಕಾಣಲಿಲ್ಲ? ಬೆಳಿಗ್ಗೆ ಐದೂವರೆಯಿಂದ ಮಧ್ಯರಾತ್ರಿಯವರೆಗೆ ಎರಡು ಗಡಿಯಾರಗಳೂ ಒಂದೇ ತಾರೀಖನ್ನು ತೋರಿಸುವುವು. ಕಚೇರಿಯವರು ಹತ್ತು ಗಂಟೆಗೆ ಬಂದು ಸಂಜೆ ಹೋಗುವವರು. ಅವರು ನೂರು ಸಲ ಪರೀಕ್ಷಿಸಿದರೂ ನೂರು ಸಲವೂ ಉತ್ತರವು ಸರಿಯಾಗಿಯೇ ಬಂದಿರುವುದು. ತಪ್ಪು ಅಡಗಿದ್ದುದು ಅವರು ನಿದ್ರಿಸುತ್ತಿದ್ದ ಹೊತ್ತಿನಲ್ಲಿ. ಆ ಹೊತ್ತಿನಲ್ಲಿ ಎಚ್ಚರವಾಗಿರುವವರು ಹಾಲಿನವರು, ಹೂವಿನವರು, ಪೌರಕಾರ್ಮಿಕರು, ರಾತ್ರಿಪಾಳಿಯ ದಾದಿಯರು. ಪರೀಕ್ಷಿಸದೆ ಬಿಟ್ಟ ತಪ್ಪಿನ ಭಾರವು ಅದನ್ನು ಮಾಡಿದವರ ಮೇಲೆ ಬೀಳುವುದು ಅಪರೂಪ; ಬಹುಮಟ್ಟಿಗೆ ಕೇಳುವವರಿಲ್ಲದವರ ಮೇಲೆಯೇ ಬೀಳುವುದು.

ಹಾಗಾದರೆ ಪರೀಕ್ಷಕಳು ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಕುಳಿತುಕೊಳ್ಳಬೇಕೆ? ಬೇಕಿಲ್ಲ. ತುಂಡು ತಾನಾಗಿ ಗಡಿಯಾರವನ್ನು ನೋಡದಂತೆ ಮಾಡಿದರೆ ಸಾಕು. ಶಾಲೆಯ ಗುಮಾಸ್ತರ ದೃಷ್ಟಾಂತವನ್ನೇ ತೆಗೆದುಕೊಳ್ಳೋಣ. ರಸೀತಿಯನ್ನು ಬರೆಯುವ ಗುಮಾಸ್ತರು ಪ್ರತಿಸಲವೂ ತಲೆಯೆತ್ತಿ ಗೋಡೆಯ ಗಡಿಯಾರವನ್ನು ನೋಡಿ ಬರೆಯುವವರಾದರೆ, ಅವರನ್ನು ಪರೀಕ್ಷಿಸಲು ಗೋಡೆಯ ಗಡಿಯಾರವನ್ನೇ ತಿರುಗಿಸಬೇಕಾಗುವುದು. ಆಗ ಶಾಲೆಯ ಗಂಟೆಯೂ ತಪ್ಪುವುದು. ಅದರ ಬದಲು ಪಕ್ಕದಲ್ಲೊಬ್ಬರು ಹೊತ್ತನ್ನು ಹೇಳುವುದೆಂದೂ, ಅವರು ಹೇಳಿದುದನ್ನೇ ಗುಮಾಸ್ತರು ಬರೆಯುವುದೆಂದೂ ಏರ್ಪಾಟು ಮಾಡಿದರೆ, ಪರೀಕ್ಷೆಯ ದಿನ ನಾವು ಬೇಕಾದ ಹೊತ್ತನ್ನು ಹೇಳಿಸಬಹುದು. ಪ್ರೋಗ್ರಾಮಿನಲ್ಲಿಯೂ ಹೀಗೆಯೇ: ವೇಳೆಯನ್ನು ತುಂಡಿಗೆ ಹೊರಗಿನಿಂದ ಕೊಡತಕ್ಕದ್ದು. ನಿತ್ಯದ ಕೆಲಸದಲ್ಲಿ ನಿಜವಾದ ಗಡಿಯಾರವು ಅದನ್ನು ಕೊಡುವುದು. ಪರೀಕ್ಷೆಯಲ್ಲಿ ಕೈಯಿಂದ ನಿಲ್ಲಿಸಿದ ಸುಳ್ಳು ಗಡಿಯಾರವು ಕೊಡುವುದು. ಆಗ ಜುಲೈ ೧ರ ನಾಲ್ಕೂವರೆಯನ್ನೂ, ಐದೂವರೆಗೆ ಒಂದು ಕ್ಷಣ ಹಿಂದನ್ನೂ ಮುಂದನ್ನೂ, ಫೆಬ್ರವರಿ ೨೯ನ್ನೂ ಹಗಲು ಹೊತ್ತಿನಲ್ಲಿಯೇ ಕರೆದು ಪರೀಕ್ಷಿಸಬಹುದು.

ಗಡಿಯಾರದ ವಿಚಾರದಲ್ಲಿ ನಮ್ಮ ಊರಿಗೆ ಹಳೆಯ ಅನುಭವವುಂಟು. ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟ ಹಳೆಯ ಪ್ರೋಗ್ರಾಮುಗಳು ೨೦೦೦ದ ಇಸವಿಯನ್ನು ೧೯೦೦ ಎಂದು ತಿಳಿದುಬಿಡುವುವೆಂಬ ಭಯದಿಂದ, ೧೯೯೦ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ತರುಣ ತರುಣಿಯರು ದೇಶಾಂತರದ ಕಂಪೆನಿಗಳಿಗಾಗಿ ಅವನ್ನು ಸಾಲು ಸಾಲಾಗಿ ಓದಿ ತಿದ್ದಿ ಪರೀಕ್ಷಿಸಿದರು. ಇಂಥದೇ ಇನ್ನೊಂದು ದಿನವು ಮುಂದೆಯೂ ಕಾದಿದೆ. ೧೯೭೦ರ ಜನವರಿ ೧ರಿಂದ ಕಳೆದ ಸೆಕೆಂಡುಗಳನ್ನು ಎಣಿಸುವ ಕೆಲವು ಹಳೆಯ ಯಂತ್ರಗಳಲ್ಲಿ ೨,೧೪೭,೪೮೩,೬೪೭ಕ್ಕಿಂತ ದೊಡ್ಡ ಸಂಖ್ಯೆಗೆ ಸ್ಥಳವಿಲ್ಲ. ಆ ಎಣಿಕೆಯು ೨೦೩೮ರ ಜನವರಿ ೧೯ರಂದು, ನಮ್ಮ ಕಾಲದಲ್ಲಿ ಬೆಳಿಗ್ಗೆ ೮ ಗಂಟೆ ೪೪ ನಿಮಿಷ ೭ ಸೆಕೆಂಡಿಗೆ, ತುಂಬಿಹೋಗುವುದು. ಸುಳ್ಳು ಗಡಿಯಾರವುಳ್ಳವರು ಆ ದಿನವನ್ನು ಇಂದೇ ನೋಡಬಹುದು, ಇಲ್ಲದವರು ಕಾಯಬೇಕು.

ಫೈಲಿನ ಪರೀಕ್ಷೆಯಲ್ಲಿಯೂ ಇದೇ ತತ್ತ್ವವುಂಟು. ಹಾಜರಿಯ ಪಟ್ಟಿಯನ್ನು ಡಿಸ್ಕಿಗೆ ಬರೆಯುವ ತುಂಡೊಂದಿದೆ ಎನ್ನೋಣ. ಅದು ಹಳೆಯ ಪಟ್ಟಿಯನ್ನು ಅಳಿಸಿ, ಅದೇ ಸ್ಥಳದಲ್ಲಿ ಹೊಸದನ್ನು ಬರೆಯತೊಡಗುವುದು. ಅರ್ಧ ಬರೆದಾಗ ಡಿಸ್ಕಿನಲ್ಲಿ ಸ್ಥಳವು ತೀರಿದರೆ ಹಳೆಯದೂ ಹೋಯಿತು, ಹೊಸದೂ ಇಲ್ಲ. ಜಾಣೆಯಾದವಳು ಹೊಸ ಪಟ್ಟಿಯನ್ನು ಬೇರೆ ಹೆಸರಿನಲ್ಲಿ ಪೂರ್ತಿಯಾಗಿ ಬರೆದು, ಅದು ಸರಿಯಾಗಿ ಮುಗಿದ ಮೇಲೆಯೇ ಹಳೆಯದರ ಹೆಸರನ್ನು ಅದಕ್ಕೆ ಕೊಡುವಳು. ಆದರೆ ಈ ಎಚ್ಚರಿಕೆಯು ಫಲಿಸುವುದೋ ಇಲ್ಲವೋ ಎಂದು ನೋಡಲು ನಿಜವಾದ ಡಿಸ್ಕನ್ನು ತುಂಬಿಸಬೇಕಾಗಿಲ್ಲ. ಡಿಸ್ಕಿನ ವೇಷವನ್ನು ಹಾಕಿದ, ಹತ್ತು ಸಾಲು ಬರೆಯಿಸಿಕೊಂಡು ಹನ್ನೊಂದನೆಯದಕ್ಕೆ “ಸ್ಥಳವಿಲ್ಲ” ಎನ್ನುವ ಬದಲಿ ವಸ್ತುವನ್ನು ಕೊಟ್ಟರಾಯಿತು. ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಇಂಥ ಪರೀಕ್ಷೆಗೆ ಒದಗುವ ‘ಡೆವ್ ಫುಲ್’ ಎಂಬ ಫೈಲೇ ಇರುವುದು; ಅದಕ್ಕೆ ಒಂದಕ್ಷರವನ್ನು ಬರೆಯಹೋದರೂ ಸ್ಥಳವಿಲ್ಲವೆಂಬ ಉತ್ತರವೇ ಬರುವುದು.

ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ನಾಟಕಗಳನ್ನು ನೋಡಿದವರಿಗೆ ಈ ಬದಲಿಗಳ ವಿಚಾರವು ಹೊಸದಾಗಿ ತೋರದು. ತಾಲೀಮಿನ ದಿನಗಳಲ್ಲಿ ರಾಜನ ಪಾತ್ರಧಾರಿಯು ಬಾರದಿದ್ದರೆ ಬೇರೊಬ್ಬನು ಆತನ ಮಾತುಗಳನ್ನು ಓದುವನು; ಕತ್ತಿಯ ಬದಲು ಕೋಲನ್ನು ಹಿಡಿಯುವರು. ಮಿಕ್ಕವರು ತಮ್ಮ ಪಾತ್ರವನ್ನು ಕಲಿಯಲು ಅಷ್ಟು ಸಾಕು. ಗೆರಾರ್ಡ್ ಮೆಸಾರೋಸ್ ಎಂಬವರು ೨೦೦೭ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಬದಲಿಗಳಿಗೆ ಟೆಸ್ಟ್ ಡಬಲ್ ಎಂಬ ಸಾಮಾನ್ಯ ಹೆಸರನ್ನು ಕೊಟ್ಟು, ಅವುಗಳಲ್ಲಿ ಭೇದಗಳನ್ನು ತೋರಿಸಿರುವರು. ಕಲಿಸಿಕೊಟ್ಟ ಉತ್ತರವನ್ನಷ್ಟೇ ಹೇಳತಕ್ಕದ್ದು ಸ್ಟಬ್. ನಿಲ್ಲಿಸಿದ ಗಡಿಯಾರವು ಇದಕ್ಕೆ ಉದಾಹರಣೆ. ಸಣ್ಣ ಪ್ರಮಾಣದಲ್ಲಿ ನಿಜವಾಗಿ ಕೆಲಸ ಮಾಡತಕ್ಕದ್ದು ಫೇಕ್. ಡಿಸ್ಕಿನ ಬದಲು ಮೆಮೊರಿಯಲ್ಲಿಯೇ ಬರೆದಿಟ್ಟುಕೊಳ್ಳುವ ಪಟ್ಟಿಯು ಇಂಥದು. ಯಾರು ಏನನ್ನು ಕೇಳಿದರೆಂದು ನೆನಪಿಟ್ಟು ಆಮೇಲೆ ಹೇಳತಕ್ಕದ್ದು ಸ್ಪೈ; ಸಂದೇಶವನ್ನು ಯಾರಿಗೂ ಕಳುಹಿಸದೆ “ಇಷ್ಟು ಮಂದಿಗೆ ಕಳುಹಿಸಲು ಹೇಳಿದರು” ಎಂದು ಇದು ಸಾಕ್ಷಿ ನುಡಿಯುವುದು. ಬರಬೇಕಾದ ಮಾತುಗಳನ್ನು ಮೊದಲೇ ತಿಳಿದಿದ್ದು, ಬೇರೆ ಮಾತು ಬಂದೊಡನೆ ಪ್ರತಿಭಟಿಸತಕ್ಕದ್ದು ಮಾಕ್.

ಬದಲಿಯನ್ನು ನಿಲ್ಲಿಸುವ ಈ ವಿದ್ಯೆಯು ಎಷ್ಟು ದೊಡ್ಡ ಪ್ರಮಾಣದಲ್ಲಿ ನಡೆಯಬಹುದೆಂಬುದನ್ನು ನಮ್ಮ ನಾಡಿನಲ್ಲಿಯೇ ಕಾಣಬಹುದು. ಕೆಂಗೇರಿಯನ್ನು ದಾಟಿ ಮುಂದೆ ಹೋದರೆ, ಬೆಂಗಳೂರಿನಿಂದ ಸುಮಾರು ೪೦ ಕಿಲೋಮೀಟರು ದೂರದ ಬ್ಯಾಲಾಳು ಗ್ರಾಮದಲ್ಲಿ, ೩೨ ಮೀಟರು ಅಗಲದ ದೊಡ್ಡ ಬೋಗುಣಿಯಂಥ ಆಂಟೆನಾವು ಆಕಾಶವನ್ನು ನೋಡುತ್ತಾ ನಿಂತಿರುವುದು. ೨೦೦೮ರಿಂದ ಇಸ್ರೋ ಸಂಸ್ಥೆಯ ಚಂದ್ರಯಾನ ನೌಕೆಗಳ ಮಾತುಗಳನ್ನು ಅಲ್ಲಿ ಆಲಿಸುತ್ತಾ ಬಂದಿರುವರು. ಚಂದ್ರನು ಸುಮಾರು ೩,೮೪,೦೦೦ ಕಿಲೋಮೀಟರು ದೂರದಲ್ಲಿರುವುದರಿಂದ ಒಂದು ಮಾತು ಹೋಗಿ ಉತ್ತರವು ಬರಲು ಎರಡೂವರೆ ಸೆಕೆಂಡು ಬೇಕು. ನೆಲಕ್ಕೆ ಇಳಿಯುವ ನೌಕೆಯನ್ನು ಇಲ್ಲಿಂದ ಕೈಹಿಡಿದು ಇಳಿಸಲಾಗದು. ಅದರೊಳಗಿನ ಪ್ರೋಗ್ರಾಮೇ ಕುಳಿಗಳನ್ನು ನೋಡಿ, ಎತ್ತರವನ್ನು ಅಳೆದು, ತೀರ್ಮಾನಿಸಬೇಕು. ಆ ಪ್ರೋಗ್ರಾಮಿನ ಹೊರಗಿನ ಆಸರೆಯು ಚಂದ್ರನೇ ಆಗಿರುವನು. ಚಂದ್ರನನ್ನು ಪರೀಕ್ಷೆಗಾಗಿ ತರುವವರಾರು?

ವಿಜ್ಞಾನಿಗಳು ಬದಲಿ ಚಂದ್ರನನ್ನೇ ಮಾಡಿದರು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಬಯಲಿನಲ್ಲಿ ಚಂದ್ರನ ಮೈಮೇಲಿರುವಂಥ ಕುಳಿಗಳನ್ನು ತೋಡಿಸಿ, ಚಂದ್ರಯಾನ-೨ರ ಸೆನ್ಸರುಗಳನ್ನು ವಿಮಾನದಲ್ಲಿರಿಸಿ ಅವುಗಳ ಮೇಲೆ ಹಾರಿಸಿ ನೋಡಿದರು. ರೋವರ್ ಬಂಡಿಯನ್ನು ಓಡಿಸಿ ನೋಡಲು ತಮಿಳುನಾಡಿನ ಸಿತ್ತಂಪೂಂಡಿಯ ಕಲ್ಲನ್ನು ಪುಡಿಮಾಡಿ ಬೆಂಗಳೂರಿನಲ್ಲಿ ಚಂದ್ರನ ಮಣ್ಣಿನ ಬದಲಿಗೆ ಹಾಸಿದರು. ಇಷ್ಟಾದರೂ ೨೦೧೯ರ ಸೆಪ್ಟೆಂಬರ್ ೭ರಂದು ವಿಕ್ರಮ್ ನೌಕೆಯು ಇಳಿಯುವಾಗ ನೆಲಕ್ಕೆ ಅಪ್ಪಳಿಸಿತು. ನಡುವಣ ಹಂತದಲ್ಲಿ ವೇಗವು ಗೊತ್ತುಮಾಡಿದುದಕ್ಕಿಂತ ಹೆಚ್ಚಾಗಿ ಕುಗ್ಗಿತೆಂದೂ, ಅದರಿಂದ ಮುಂದಿನ ಹಂತದ ಆರಂಭಸ್ಥಿತಿಯು ವಿನ್ಯಾಸದ ಮೇರೆಯನ್ನು ಮೀರಿತೆಂದೂ ಸರಕಾರವು ಪಾರ್ಲಿಮೆಂಟಿಗೆ ತಿಳಿಸಿತು. ಪರೀಕ್ಷೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಪ್ರಶ್ನೆಪತ್ರಿಕೆಯಲ್ಲಿ ಇಲ್ಲದ ಪ್ರಶ್ನೆಯನ್ನು ಚಂದ್ರನು ಕೇಳಿದನು.

ಮುಂದಿನ ಸಲ ವಿಜ್ಞಾನಿಗಳು ಪ್ರಶ್ನೆಪತ್ರಿಕೆಯನ್ನು ಹಿಗ್ಗಿಸಿದರು. ಎಲ್ಲವೂ ಸರಿಹೋದರೆ ಹೇಗೆ ಎಂಬುದರ ಬದಲು, ಯಾವ ಯಾವುದು ಕೆಡಬಹುದು ಎಂಬುದನ್ನೇ ಮೊದಲು ಎಣಿಸಿದರು. ಸೆನ್ಸರುಗಳನ್ನು ಹೆಲಿಕಾಪ್ಟರಿನಲ್ಲಿರಿಸಿಯೂ, ಎಂಜಿನುಗಳನ್ನು ಕೂಡಿಸಿದ ಪೂರ್ಣವ್ಯವಸ್ಥೆಯನ್ನು ಎತ್ತರದ ಕ್ರೇನಿಗೆ ತೂಗಹಾಕಿಯೂ, ಕಾಲುಗಳನ್ನು ಬದಲಿ ಮಣ್ಣಿನ ಮೇಲೆ ಬೇರೆ ಬೇರೆ ರೀತಿಯಲ್ಲಿ ಇಳಿಸಿಯೂ ಪರೀಕ್ಷಿಸಿದರು. ೨೦೨೩ರ ಆಗಸ್ಟ್ ೨೩ರಂದು ಸಂಜೆ ಆರು ಗಂಟೆ ದಾಟಿ ಕೆಲವೇ ನಿಮಿಷಗಳಲ್ಲಿ ಚಂದ್ರಯಾನ-೩ರ ನೌಕೆಯು ಸುಖವಾಗಿ ಇಳಿಯಿತು.

ಬದಲಿಯು ಉಪಕಾರಿಯೆಂದು ಹೇಳಿದೆನು. ಅದರಿಂದ ಮೋಸಹೋಗುವುದೂ ಉಂಟೆಂದು ಹೇಳದಿದ್ದರೆ ಲೇಖನವು ಅರ್ಧವಾದೀತು. ೧೯೯೬ರ ಜೂನ್ ೪ರಂದು ದಕ್ಷಿಣ ಅಮೆರಿಕದ ಕೂರೂ ಎಂಬಲ್ಲಿಂದ ಯೂರೋಪಿನವರ ಏರಿಯಾನ್-೫ ರಾಕೆಟ್ಟು ಮೊದಲ ಸಲ ಮೇಲೇರಿ, ಒಂದು ನಿಮಿಷವೂ ತುಂಬದೆ ಚೂರುಚೂರಾಯಿತು. ಅದರ ದಿಕ್ಕನ್ನು ತಿಳಿಸುವ ಉಪಕರಣದ ಪ್ರೋಗ್ರಾಮನ್ನು ಹಿಂದಿನ ಏರಿಯಾನ್-೪ರಿಂದ ಹಾಗೆಯೇ ತೆಗೆದುಕೊಂಡಿದ್ದರು. ಹೊಸ ರಾಕೆಟ್ಟು ಅಡ್ಡದಿಕ್ಕಿನಲ್ಲಿ ಹೆಚ್ಚು ವೇಗವನ್ನು ಪಡೆಯುವಂಥದು. ಆ ವೇಗಕ್ಕೆ ಸಂಬಂಧಿಸಿದ ಸಂಖ್ಯೆಯು ೩೨,೭೬೭ಕ್ಕಿಂತ ಹೆಚ್ಚಿನದನ್ನು ಹಿಡಿಯಲಾರದ ಪಾತ್ರೆಯಲ್ಲಿ ಹಿಡಿಯದೆ ಹೋಯಿತು. ಉಪಕರಣವು ನಿಂತಿತು, ಅದರ ಜೊತೆಗಿದ್ದ ಮೀಸಲು ಉಪಕರಣದಲ್ಲಿಯೂ ಅದೇ ಪ್ರೋಗ್ರಾಮಿದ್ದುದರಿಂದ ಅದೂ ನಿಂತಿತು. ಹಾರುವ ಮೊದಲು ವ್ಯವಸ್ಥೆಯನ್ನೆಲ್ಲಾ ಕೂಡಿಸಿ ಪರೀಕ್ಷಿಸಿದ್ದರಾದರೂ, ಆ ಪರೀಕ್ಷೆಗಳಲ್ಲಿ ಈ ಉಪಕರಣದ ಸ್ಥಾನದಲ್ಲಿ ಅದನ್ನು ಅನುಕರಿಸುವ ಪ್ರೋಗ್ರಾಮನ್ನು ಬದಲಿಯಾಗಿ ನಿಲ್ಲಿಸಿದ್ದರೆಂದು ವಿಚಾರಣಾ ಮಂಡಲಿಯು ಕಂಡುಕೊಂಡಿತು. ಬದಲಿಯು ಕೆಡಲಿಲ್ಲ, ನಿಜವಾದುದು ಕೆಟ್ಟಿತು.

ಇದರ ನೀತಿಯಾದರೂ ಏನು? ಬದಲಿ ವಸ್ತುವು ಲೋಕವನ್ನು ಅರಿಯದು. ಲೋಕದ ವಿಷಯದಲ್ಲಿ ಅದನ್ನು ಮಾಡಿದವಳ ನಂಬಿಕೆಯನ್ನು ಮಾತ್ರ ಅರಿಯುವುದು. ನೆಟ್‌ವರ್ಕು ಎಂದಿಗೂ ಕಡಿಯದೆಂದು ನಂಬಿದವಳ ಬದಲಿ ನೆಟ್‌ವರ್ಕು ಎಂದಿಗೂ ಕಡಿಯುವುದಿಲ್ಲ. ಸರ್ವರಿನ ಗಡಿಯಾರವು ಭಾರತದ ಕಾಲದ್ದೆಂದು ನಂಬಿದವಳು ತನ್ನ ಸುಳ್ಳು ಗಡಿಯಾರವನ್ನೂ ಅದೇ ಕಾಲಕ್ಕೆ ತಿರುಗಿಸುವಳು. ಆಗ ಹೂವಿನ ತಾಯಿಯ ದಂಡವು ತಪ್ಪದು. ಆದಕಾರಣ ಅನುಭವಸ್ಥರು ಎರಡು ನಿಯಮಗಳನ್ನು ಪಾಲಿಸುವರು. ಒಂದು: ಬದಲಿಗೆ ಕೇಳಿದ ಪ್ರಶ್ನೆಗಳನ್ನೇ ಆಗಾಗ್ಗೆ ನಿಜವಾದ ಆಸರೆಗೂ ಕೇಳತಕ್ಕದ್ದು, ಉತ್ತರಗಳು ಬೇರೆಯಾದರೆ ತಿದ್ದಬೇಕಾದುದು ಬದಲಿಯನ್ನು. ಎರಡು: ಬಿಡಿ ಪರೀಕ್ಷೆಗಳೆಲ್ಲಾ ಮುಗಿದ ಮೇಲೆ, ನಿಜವಾದ ಡಿಸ್ಕು, ನಿಜವಾದ ನೆಟ್‌ವರ್ಕು, ನಿಜವಾದ ಸರ್ವರುಗಳೊಡನೆ ಕೂಡಿಸಿದ ಕೆಲವಾದರೂ ಪರೀಕ್ಷೆಗಳನ್ನು ನಡೆಯಿಸತಕ್ಕದ್ದು. ಬಿಡಿ ಪರೀಕ್ಷೆಗಳು ಸಾವಿರವಿರಲಿ, ಕೂಡಿಸಿದವು ಹತ್ತೇ ಇರಲಿ; ಆದರೆ ಆ ಹತ್ತನ್ನು ಬಿಡಲಾಗದು. ತಾಲೀಮು ಎಷ್ಟೇ ಆಗಿದ್ದರೂ, ವೇಷಭೂಷಣದೊಡನೆ ಒಮ್ಮೆ ಪೂರ್ತಿಯಾಗಿ ಆಡಿ ನೋಡದೆ ಯಾವ ನಾಟಕ ಮಂಡಲಿಯೂ ಪರದೆಯನ್ನು ಏರಿಸುವುದಿಲ್ಲ.

ಆದುದರಿಂದ ಮಗಳು ಸಂಜೆ ಬಂದು ದಿನವೆಲ್ಲಾ ಟೆಸ್ಟ್ ಬರೆದೆನೆಂದು ಹೇಳಿದರೆ, ಹೊಸದೇನನ್ನೂ ಮಾಡದೆ ದಿನವು ಕಳೆಯಿತಲ್ಲಾ ಎಂದು ತಾಯ್ತಂದೆಗಳು ಭಾವಿಸದಿರಲಿ. ಈ ಕೆಲಸವು ಚೆನ್ನಾಗಿ ನಡೆದಾಗ ಹೊರಗೆ ಏನೂ ಕಾಣಿಸುವುದಿಲ್ಲ. ಬಾರದೆ ಹೋದ ದಂಡದ ಚೀಟಿಯನ್ನು ಕಂಡವರಾರು? ಈ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಒಂದು ವಿನಂತಿಯುಂಟು. ಮುಂದಿನ ಪ್ರಶ್ನೆಪತ್ರಿಕೆಯನ್ನು ರಚಿಸುವಾಗ ನೀವು ಎಚ್ಚರವಾಗಿರುವ ಹೊತ್ತನ್ನು ಮಾತ್ರ ಎಣಿಸದೆ, ಬೆಳಗಿನ ಜಾವ ನಾಲ್ಕೂವರೆಗೆ ಬಸ್ಸಿಗಾಗಿ ಕಾದು ನಿಂತಿರುವವಳ ಹೊತ್ತನ್ನೂ ಎಣಿಸಿಕೊಳ್ಳಿರಿ. ಸುಳ್ಳು ಗಡಿಯಾರದ ಮುಳ್ಳನ್ನು ಒಮ್ಮೆ ಅಲ್ಲಿಗೆ ತಿರುಗಿಸಿ ನೋಡಲು ತಗಲುವುದು ಒಂದೇ ಸಾಲಿನ ಬರಹ.